ಮೂರನೇ ಚೌಕದಲ್ಲಿ ಯಾರೂ ಮಾತಾಡಲ್ಲ

ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಬೆಳಗ್ಗೆ ಆರೂವರೆಗೆ ಚಿಕ್ಕಮ್ಮ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಹಾಕಿದರು. ಆ ಹೊತ್ತಿಗೆ ಅವರಿಂದ ಬರುವುದು ದೇವರ ಫೋಟೋ, ಕೆಳಗೆ ಎರಡು ಗುಲಾಬಿ, ಶುಭೋದಯ. ಅವತ್ತು ಬಂದದ್ದು ಎರಡು ಹಲ್ಲಿ. ಜೊತೆಗೆ ಒಂದು ಸಾಲು: "ಯಾರೋ ನಮ್ಮ ಭಾವನ್ನ ನೋಡ್ಕೊಂಡೇ ಬರೆದ ಹಾಗಿದೆ ಅಲ್ವಾ?"

ಬರೆದವಳು ನಾನು. ಅವರ ಭಾವ ಅಂದರೆ ನಮ್ಮಪ್ಪ.

ಚಿತ್ರದ ತಲೆಯ ಮೇಲೆ ಜೋಡಿ ಬಾಣದ ಗುರುತಿತ್ತು. ಐದು ಸಲವೋ ಅದಕ್ಕಿಂತ ಜಾಸ್ತಿಯೋ ಕೈ ಬದಲಾಯಿಸಿದ ಫಾರ್ವರ್ಡಿಗೆ ವಾಟ್ಸಾಪ್ ಒತ್ತುವ ಮುದ್ರೆ ಅದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಬಿಡುತ್ತಾರೆ. ಆದರೂ ನನ್ನ ಹಲ್ಲಿಗಳು ಹೇಗೋ ತೆವಳಿಕೊಂಡು, ಎಲ್ಲೆಲ್ಲೋ ತಿರುಗಿ, ಕೊನೆಗೆ ಹಾಸನದ ನಮ್ಮ ಮನೆಗೇ ಬಂದು ಸೇರಿದ್ದವು. ಕೆಳಗಿನ ಮೂಲೆಯಲ್ಲಿ ಹಾಕಿದ್ದ ನನ್ನ ಸಹಿ ಕತ್ತರಿಸಿ ಹೋಗಿತ್ತು. ಅದು ಹೋಗುತ್ತೆ ಅಂತ ಗೊತ್ತಿತ್ತು, ಎಲ್ಲರದ್ದೂ ಹೋಗುತ್ತೆ. ಹೊಟ್ಟೆ ಉರಿದದ್ದು ಬೇರೆಯದಕ್ಕೆ. ನಾನು ಬರೆದದ್ದು ನಾಲ್ಕು ಚೌಕ. ಅಲ್ಲಿದ್ದದ್ದು ಮೂರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನನ್ನ ಕಾಮಿಕ್ಸಿನ ಹೆಸರು "ಟ್ಯೂಬ್‌ಲೈಟ್ ಹಿಂದೆ". ಹಾಸನದ ಮನೆಯ ಹಜಾರದಲ್ಲಿ ಒಂದು ಹಳೆಯ ಟ್ಯೂಬ್‌ಲೈಟ್ ಇತ್ತು. ಅದರ ಪಟ್ಟಿಯ ಹಿಂದೆ ಎರಡು ಹಲ್ಲಿ ಸಂಸಾರ ಮಾಡಿಕೊಂಡಿದ್ದವು. ಸಂಜೆ ಲೈಟ್ ಹಾಕಿದ ಕೂಡಲೇ ಹೊರಗೆ ಬರುತ್ತಿದ್ದವು. ಹುಳ ಬಂದರೆ ಊಟ, ಇಲ್ಲದಿದ್ದರೆ ಕೆಳಗೆ ನಾವು ಮಾಡುವ ಜಗಳ. ಟಿವಿ ನೋಡಿದ ಹಾಗೆ ನಮ್ಮನ್ನು ನೋಡುತ್ತಿದ್ದವು. ಜೋಕು ತಡವಾಗಿ ಅರ್ಥವಾಗುವವರನ್ನು ನಮ್ಮಲ್ಲಿ ಟ್ಯೂಬ್‌ಲೈಟ್ ಅನ್ನುತ್ತಾರಲ್ಲ, ಹೆಸರಿಗೆ ಅದೂ ಒಂದು ಕಾರಣ. ಮನೆಯಲ್ಲಿ ಆ ಬಿರುದು ನನಗೇ ಇತ್ತು.

ಹಲ್ಲಿ ಯಾಕೆ ಅಂತ ಕೇಳಿದರೆ ನಿಜವಾದ ಕಾರಣ, ನನಗೆ ಮನುಷ್ಯರ ಕೈ ಬರೆಯಲು ಬರಲ್ಲ. ಐದು ಬೆರಳು ಯಾವಾಗಲೂ ಬಾಳೆಗೊನೆಯೇ ಆಗುತ್ತವೆ. ಹಲ್ಲಿಗೆ ಆ ರಗಳೆ ಇಲ್ಲ. ಒಂದು ಬಾಲ, ಎರಡು ಕಣ್ಣು, ನಾಲ್ಕು ಚುಕ್ಕಿ ಪಾದ. ಬರೆಯಲು ಕೂತ ಮೇಲೆ ತಿಳಿದದ್ದು, ನಾನು ಬೇಕಂತ ಹುಡುಕಿದ್ದರೂ ಇದಕ್ಕಿಂತ ಒಳ್ಳೆಯ ಪಾತ್ರ ಸಿಗುತ್ತಿರಲಿಲ್ಲ ಅಂತ. ಯಾರಾದರೂ ಏನಾದರೂ ಹೇಳುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಅನ್ನುವುದು ನಮ್ಮ ಕಡೆ ನಂಬಿಕೆ. ಅಜ್ಜಿ ತಕ್ಷಣ ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ, ನೋಡು, ಹಲ್ಲಿಯೂ ಹೇಳ್ತು" ಅನ್ನುತ್ತಿದ್ದರು. ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯಬೇಕು. ತಲೆ, ಭುಜ, ಮೊಣಕಾಲು ಎಲ್ಲದಕ್ಕೂ ಒಂದೊಂದು ಫಲ ಬರೆದಿರುತ್ತಾರೆ. ಕಂಚಿಗೆ ಹೋಗಿ ಅಲ್ಲಿನ ಚಿನ್ನದ ಹಲ್ಲಿ ಮುಟ್ಟಿ ಬಂದವರಿಗೆ ಮಾತ್ರ ಈ ದೋಷವೆಲ್ಲ ಮಾಫಿ. ಯೋಚನೆ ಮಾಡಿ, ಒಂದು ಮನೆಯಲ್ಲಿ ಹಗಲೂ ರಾತ್ರಿ ಸತ್ಯಕ್ಕೆ ಸಾಕ್ಷಿ ಹೇಳುವ ಕೆಲಸ ಎರಡು ಹಲ್ಲಿಗೆ ಬಿದ್ದಿದೆ. ಅದೂ ನಮ್ಮಪ್ಪ ಇರುವ ಮನೆಯಲ್ಲಿ.

ಅಪ್ಪ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹಾಸನ, ಬೇಲೂರು, ಸಕಲೇಶಪುರ. ನಾನು ಹುಟ್ಟಿದಾಗಿನಿಂದ ಕೇಳಿದ ಮೊದಲ ಸುಳ್ಳು "ಒಳಗೆ ಖಾಲಿ ಇದೆ, ಹತ್ತಿ ಹತ್ತಿ". ರಿಟೈರ್ ಆದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಯಾರಿಗೂ ತೊಂದರೆಯಾಗದ, ಕೇಳುವವರಿಗೂ ಸುಳ್ಳು ಅಂತ ಗೊತ್ತಿರುವ ಸುಳ್ಳು. ಚಿಕ್ಕಮ್ಮ ಕಳಿಸಿದ ಚಿತ್ರದಲ್ಲಿದ್ದದ್ದೂ ಅದೇ.

ಮೊದಲ ಚೌಕ: ಬನಿಯನ್ ಹಾಕಿಕೊಂಡವರೊಬ್ಬರು ಈಜಿಚೇರಿನಲ್ಲಿ ಕಾಲು ಚಾಚಿ ಕೂತು ಫೋನಿನಲ್ಲಿ "ಹೊರಟಾಯ್ತು, ಅರ್ಧ ದಾರೀಲಿದೀನಿ" ಅನ್ನುತ್ತಿದ್ದಾರೆ. ಎರಡನೆಯದು: ಗೋಡೆಯ ಮೇಲೆ ಮರಿಹಲ್ಲಿ, "ಲೊಚಗುಟ್ಲಾ ಅಜ್ಜಿ?" ಮೂರನೆಯದರಲ್ಲಿ ಯಾರೂ ಮಾತಾಡಲ್ಲ. ಅವರು ಕಾಫಿ ಲೋಟ ಬಾಯಿಗಿಟ್ಟಿದ್ದಾರೆ. ಹಲ್ಲಿ ಎರಡೂ ಅವರನ್ನೇ ನೋಡುತ್ತಿವೆ. ನಾಲ್ಕನೆಯದರಲ್ಲಿ ಅಜ್ಜಿಹಲ್ಲಿ: "ಬೇಡ ಮಗಾ. ಹೋದ ತಿಂಗಳು ಇವರ ಮಾತಿಗೆ ಲೊಚಗುಟ್ಟಿ ಇದ್ದ ಮರ್ಯಾದೆಯೂ ಹೋಯ್ತು."

ಯಾರೋ ಪುಣ್ಯಾತ್ಮರು ಆ ಮೂರನೆಯದನ್ನು ಕತ್ತರಿಸಿ, ಎರಡಕ್ಕೆ ನಾಲ್ಕನ್ನು ಅಂಟಿಸಿದ್ದರು. ಉದ್ದದ ಚಿತ್ರ ಸ್ಟೇಟಸ್ಸಿಗೆ ಹಿಡಿಸಲಿಲ್ಲವೋ ಏನೋ. ಅಲ್ಲಿ ಏನೂ ಆಗುತ್ತಿಲ್ಲವಲ್ಲ, ಸುಮ್ನೆ ಜಾಗ ದಂಡ ಅಂದುಕೊಂಡಿರಬೇಕು. ನನಗಾದರೆ ಜೋಕು ಇದ್ದದ್ದೇ ಅಲ್ಲಿ.

ಗ್ರೂಪಿನಲ್ಲಿ "ಅದು ನಾನು ಬರೆದದ್ದು" ಅಂತ ಟೈಪ್ ಮಾಡಿದೆ. ಅಳಿಸಿದೆ. ಎಲ್ಲರ ಹಾಗೆ ಮೂರು ನಗುವ ಮುಖ ಹಾಕಿ ಸುಮ್ಮನಾದೆ. ಅಪ್ಪ ಹೆಬ್ಬೆರಳು ಎತ್ತಿದ್ದರು.

ನನಗೆ ಈ ಹುಚ್ಚು ಹಿಡಿದದ್ದು ಕಾಲೇಜಿನಲ್ಲಿ. ಹಾಸ್ಟೆಲಿನಲ್ಲಿ ಒಬ್ಬಳು ಎಕ್ಸ್‌ಕೆಸಿಡಿ ಅನ್ನುವ ಇಂಗ್ಲಿಷ್ ವೆಬ್ ಕಾಮಿಕ್ಸ್ ತೋರಿಸಿದಳು. ರಾಂಡಲ್ ಮನ್ರೋ ಅನ್ನುವವರು 2005ರಲ್ಲಿ ನೋಟ್‌ಬುಕ್ಕಿನ ಗೀಚು ಚಿತ್ರಗಳನ್ನು ಸ್ಕ್ಯಾನ್ ಮಾಡಿ ಹಾಕಲು ಶುರುಮಾಡಿದ್ದು. ಕಡ್ಡಿ ಮನುಷ್ಯರು, ಮುಖವೂ ಇಲ್ಲ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ. ಅರ್ಧದಷ್ಟು ಜೋಕು ನನಗೆ ಅರ್ಥವೇ ಆಗಲಿಲ್ಲ, ಗಣಿತ ಜಾಸ್ತಿ. ಆದರೆ ಚಿತ್ರ ಬರೆಯಲು ಬರದವರೂ ಚಿತ್ರ ಬರೆಯಬಹುದು ಅನ್ನುವುದು ಚೆನ್ನಾಗಿ ಅರ್ಥವಾಯಿತು.

ಇನ್ನೊಂದು ಕಡೆ ತಾತನ ಟ್ರಂಕಿನಲ್ಲಿ ಕೊರವಂಜಿಯ ನಾಲ್ಕೈದು ಹಳೆ ಸಂಚಿಕೆ ಇದ್ದವು, ಅಂಚು ಮುಟ್ಟಿದರೆ ಪುಡಿಯಾಗುವಂಥವು. ರಾಶಿ ಅಂತ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಂ 1942ರಲ್ಲಿ ಶುರುಮಾಡಿ 1967ರವರೆಗೆ ನಡೆಸಿದ ನಗೆ ಮಾಸಿಕ. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಮುಂಬಯಿಗೆ ಹೋಗಿ ದೊಡ್ಡ ಹೆಸರಾಗುವ ಮೊದಲು ಅದರಲ್ಲಿ ಚಿತ್ರ ಬರೆದಿದ್ದರು. ನನಗೆ ಆಶ್ಚರ್ಯವಾಗುವುದು ಲಕ್ಷ್ಮಣರದ್ದಲ್ಲ, ಡಾಕ್ಟರದ್ದು. ದಿನವಿಡೀ ಜ್ವರ ಕೆಮ್ಮು ನೋಡಿ, ಮನೆಗೆ ಬಂದು, ತಿಂಗಳು ತಿಂಗಳೂ ಊರಿಗೆಲ್ಲ ನಗು ಹಂಚಲು ಎಷ್ಟು ತ್ರಾಣ ಬೇಕು! ನಾನು ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವವಳು. ಶುಕ್ರವಾರಕ್ಕೆ ಒಂದು ಸ್ಟ್ರಿಪ್ ಅಂತ ಲೆಕ್ಕ. ತಿಂಗಳ 20ನೇ ತಾರೀಖಿನ ಆಸುಪಾಸು ಹಲ್ಲಿಗಳಿಗೆ ರಜೆ, ಅವತ್ತು 3ಬಿ ಅನ್ನುವ ತಿಂಗಳ ರಿಟರ್ನ್ ಕಟ್ಟುವ ಕೊನೇ ದಿನ. ಓದುವವರಿಗೆ ಇದು ಗೊತ್ತಾಗಿ ಹೋಗಿದೆ. ಯಾವ ಶುಕ್ರವಾರ ಬರಲ್ಲವೋ ಅವತ್ತು ಒಬ್ಬರು ತಪ್ಪದೇ "ರಿಟರ್ನ್ ಹಾಕಿದ್ರಾ ಮೇಡಂ?" ಅಂತ ಕೇಳುತ್ತಾರೆ.

ಚಿತ್ರಕ್ಕಿಂತ ಅಕ್ಷರದ ಕಷ್ಟ ದೊಡ್ಡದು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಇಂಗ್ಲಿಷ್ ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ಎಲ್ಲ ದೊಡ್ಡಕ್ಷರ. ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ ಸಾಲು ಸಮನಾಗಿ ಕೂರುತ್ತೆ. ಕನ್ನಡದಲ್ಲಿ ತಲೆಯ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ಒತ್ತು ನೇತಾಡುತ್ತಿರುತ್ತೆ. "ಲೊಚಗುಟ್ಟುತ್ತೆ" ಅಂತ ಒಂದು ಪದ ಬರೆದು ನೋಡಿ, ಕೆಳಗೆ ಎರಡು ಒತ್ತು. ಅದರ ಕೆಳಗಿನ ಸಾಲಿನಲ್ಲಿ "ಹೀಗೇಕೆ" ಬಂದರೆ ಆ ಒತ್ತು ಈ ಗುಡಿಸು ಎರಡೂ ಡಿಕ್ಕಿ. ಜಾಗ ಬಿಟ್ಟು ಬರೆದರೆ ಮಾತಿನ ಗುಳ್ಳೆ ಹಲಸಿನ ಹಣ್ಣಿನಷ್ಟಾಗಿ ಹಲ್ಲಿಗೆ ಕೂರಲು ಗೋಡೆಯೇ ಉಳಿಯಲ್ಲ. ಶುರುವಿನಲ್ಲಿ ಫೋಟೋಶಾಪಿನಲ್ಲಿ ಟೈಪ್ ಮಾಡುತ್ತಿದ್ದೆ. ನಮ್ಮ ಕಡೆಯ ಭಾಷೆಗಳ ಸೆಟ್ಟಿಂಗ್ ಬೇರೆ ಇರುತ್ತೆ, ಅದನ್ನು ಆನ್ ಮಾಡಬೇಕು ಅಂತ ಗೊತ್ತಿರಲಿಲ್ಲ. "ಲೊಚಗುಟ್‌ಟು" ಅಂತ ಬಿಡಿಬಿಡಿಯಾಗಿ ಬಂತು. ಮೊದಲ ಎರಡು ಸ್ಟ್ರಿಪ್ಪು ಹಾಗೇ ಹೋಗಿವೆ. ಈಗ ಶೀರ್ಷಿಕೆಗೆ ಮಾತ್ರ ಬಲೂ ತಮ್ಮ ಅನ್ನುವ ಉಚಿತ ಫಾಂಟು, ಗುಂಡುಗುಂಡಗೆ ಮುದ್ದಾಗಿದೆ. ಒಳಗಿನ ಮಾತೆಲ್ಲ ಕೈಬರಹ.

ಕೈಯಲ್ಲಿ ಬರೆಯಲು ಶುರುಮಾಡಿದ ಮೇಲೆ ಸೋಮಾರಿತನ ಒಂದು ಒಳ್ಳೇ ಕೆಲಸ ಮಾಡಿತು. ಒತ್ತು ಕಡಿಮೆ ಇರುವ ಪದ ಹುಡುಕತೊಡಗಿದೆ. "ಅವಶ್ಯಕತೆಯಿಲ್ಲ" ಅಂತ ಬರೆಯುವ ಜಾಗದಲ್ಲಿ "ಬೇಡ". "ಅರ್ಥವಾಗುತ್ತಿಲ್ಲ" ಅನ್ನುವಲ್ಲಿ "ಹಾಂ?" ಆಮೇಲೆ ನೋಡಿದರೆ ನಮ್ಮ ಮನೆಯಲ್ಲಿ ನಿಜವಾಗಲೂ ಮಾತಾಡುವುದು ಹಾಗೇ. ಅಜ್ಜಿಯ ಇಡೀ ದಿನದ ಮಾತು ಹೂಂ, ಬೇಡ, ಏನೋ ಕಾಣೆ, ಹೋಗಲಿ ಬಿಡು.

ಇನ್ನೊಂದು ಅನುಕೂಲ ನಮ್ಮ ಭಾಷೆಯಲ್ಲೇ ಇದೆ. ಕ್ರಿಯಾಪದ ಕೊನೆಗೆ ಬರುತ್ತಲ್ಲ, ಅದು ನಗೆ ಬರೆಯುವವರಿಗೆ ಯಾರೋ ಹಿರಿಯರು ಮಾಡಿಟ್ಟ ಆಸ್ತಿ. ಒಂದು ಸ್ಟ್ರಿಪ್ಪಿನಲ್ಲಿ ಈಜಿಚೇರಿನವರು ಸಾಲ ಕೊಟ್ಟವರಿಗೆ ಹೇಳುತ್ತಾರೆ: "ನೀವು ಕೊಟ್ಟ ದುಡ್ಡು ನಾನು ವಾಪಸ್ ಕೊಡಲ್ಲ ಅಂತ ಯಾವತ್ತಾದ್ರೂ ಹೇಳಿದೀನಾ?" "ಕೊಡಲ್ಲ" ಅನ್ನುವವರೆಗೆ ಎದೆ ಧಸಕ್ ಅನ್ನಬೇಕು. ಆಮೇಲೆ ಬಾಲ ತಿರುಗುತ್ತೆ. ಡಲ್ಲಾಸಿನಲ್ಲಿರುವ ಅಣ್ಣನ ಮಗಳಿಗೋಸ್ಕರ ಇದನ್ನು ಇಂಗ್ಲಿಷಿಗೆ ಮಾಡಲು ಹೋದೆ. ಅಲ್ಲಿ "ನಾನು ಯಾವತ್ತಾದ್ರೂ ಹೇಳಿದೀನಾ" ಅನ್ನುವುದೇ ಮೊದಲು ಬಂದು ಕೂರುತ್ತೆ, ತಿರುಗಲು ಬಾಲವೇ ಇಲ್ಲ. ಜೊತೆಗೆ ಹಲ್ಲಿ ಯಾಕೆ ಲೊಚಗುಟ್ಟಬೇಕು, ಅದಕ್ಕೂ ನಿಜಕ್ಕೂ ಏನು ಸಂಬಂಧ ಅಂತ ಅರ್ಧ ಪುಟ ವಿವರಣೆ. ಅವಳು ಪಾಪ ಪೂರ್ತಿ ಓದಿ "ಕ್ಯೂಟ್ ಲಿಜರ್ಡ್ಸ್ ಅತ್ತೆ" ಅಂದಳು. ಇಂಗ್ಲಿಷ್ ಅಲ್ಲಿಗೆ ಬಿಟ್ಟೆ.

ಕತ್ತರಿಸಿದ ಚೌಕದ ವಿಷಯಕ್ಕೆ ಬರುತ್ತೇನೆ.

ಮೊದಲೆರಡು ದಿನ ಕೋಪ. 1957ರ ಕಾಪಿರೈಟ್ ಕಾಯ್ದೆ ತೆಗೆದು ಓದಿದೆ, ಆಫೀಸಿನಲ್ಲಿ ಕಾಯ್ದೆ ಓದುವುದೇ ಕೆಲಸ ತಾನೇ. ನಮ್ಮಲ್ಲಿ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದ್ದು, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. 57ನೇ ಸೆಕ್ಷನ್ ಇನ್ನೂ ಮಜವಾಗಿದೆ. ಹಕ್ಕನ್ನು ಮಾರಿಬಿಟ್ಟಿದ್ದರೂ ಇದು ನನ್ನದು ಅಂತ ಹೇಳಿಕೊಳ್ಳುವ ಅಧಿಕಾರ ಬರೆದವರಿಗೆ ಉಳಿದಿರುತ್ತೆ. ಮಾನಕ್ಕೆ ಕುಂದು ಬರುವ ಹಾಗೆ ಅದನ್ನು ಯಾರಾದರೂ ತಿರುಚಿದರೆ, ಅಂಗಭಂಗ ಮಾಡಿದರೆ ತಡೆಯಬಹುದು. ಅಂಗಭಂಗ! ನನ್ನ ಹಲ್ಲಿಗೆ ಸರಿಯಾದ ಪದ. ಆದರೆ ಕೇಸು ಹಾಕುವುದು ಯಾರ ಮೇಲೆ? ಸಾಕ್ಷಿ ಇದ್ದದ್ದು ಚಿಕ್ಕಮ್ಮನ ಫೋನಿನಲ್ಲಿ ಮಾತ್ರ.

ಮೂರನೇ ದಿನ ಬೇರೆಯೇ ಯೋಚನೆ ಶುರುವಾಯಿತು, ಅದು ಕೋಪಕ್ಕಿಂತ ಕೆಟ್ಟದ್ದು. ನನ್ನ ಪುಟದಲ್ಲಿ ನಾಲ್ಕು ಚೌಕದ ಚಿತ್ರಕ್ಕೆ ಬಿದ್ದದ್ದು ನಲವತ್ತು ಚಿಲ್ಲರೆ ಲೈಕು. ಅದರಲ್ಲಿ ಒಂಬತ್ತು ಆಫೀಸಿನವರದ್ದು. ಮೂರು ಚೌಕದ್ದು ಯಾರಿಂದ ಯಾರಿಗೋ ದಾಟಿ ಹಾಸನ ತಲುಪಿದೆ. ಕತ್ತರಿಸಿದವರೇ ಸರಿ ಇದ್ದರೆ?

ಅವತ್ತು ರಾತ್ರಿ ಹಳೆಯ ಸ್ಟ್ರಿಪ್ಪೆಲ್ಲ ತೆಗೆದು ನೋಡಿದೆ. ನೂರ ಹದಿನಾರಿದ್ದವು. ಎಂಬತ್ತಕ್ಕಿಂತ ಜಾಸ್ತಿಯಲ್ಲಿ ಮೂರನೇ ಚೌಕ ಮೌನ. ಮೌನದಲ್ಲಿ ನಗು ಇದೆ ಅಂತೆಲ್ಲ ನಾನು ಗೆಳತಿಯರ ಹತ್ತಿರ ಭಾಷಣ ಮಾಡಿದ್ದುಂಟು. ನಿಜ ಹೇಳಬೇಕೆಂದರೆ ಮಾತಿಲ್ಲದ ಚೌಕ ಬರೆಯುವುದು ಸುಲಭ. ಎರಡನೆಯದನ್ನೇ ಕಾಪಿ ಮಾಡಿ, ಗುಳ್ಳೆ ಅಳಿಸಿ, ಮರಿಹಲ್ಲಿಯ ಬಾಯಿ ಮುಚ್ಚಿದರೆ ಮುಗಿಯಿತು. ಒತ್ತಿಲ್ಲ, ಗುಡಿಸಿಲ್ಲ. ಗುರುವಾರ ರಾತ್ರಿ ಹನ್ನೊಂದೂವರೆಗೆ ಅಂಥ ಚೌಕ ದೇವರು ಕಳಿಸಿದ ಹಾಗೆ ಕಾಣುತ್ತೆ. ಎಂಬತ್ತರಲ್ಲಿ ಬಹುಪಾಲು ಅಂಥವೇ. ಕತ್ತರಿಸಿದರೆ ಯಾವ ಹಲ್ಲಿಗೂ ನೋವಾಗಲ್ಲ.

ಆದರೆ ಅರ್ಧದಾರಿಯ ಸ್ಟ್ರಿಪ್ಪಿನದ್ದು ಹಾಗಲ್ಲ, ಅಲ್ವಾ? ಅಲ್ಲಿ ಅವರು ಕಾಫಿ ಕುಡಿಯುತ್ತಿದ್ದಾರೆ. ಅರ್ಧ ದಾರಿಯಲ್ಲಿರುವವರು. ಅದನ್ನು ನೋಡಲು ಹಲ್ಲಿಗೊಂದು ಕ್ಷಣ ಬೇಕು. ನನಗೆ ನಾನೇ ವಾದ ಮಾಡಿ ಮಾಡಿ ಸಾಕಾಗಿ, ಮುಂದಿನ ಭಾನುವಾರ ಊರಿಗೆ ಹೋದಾಗ ಅಪ್ಪನ ಮುಂದೆ ಎರಡನ್ನೂ ಇಟ್ಟೆ. ಇದು ನಾನೇ ಬರೆಯುವುದು ಅಂತಲೂ ಹೇಳಿದೆ. ಬೈಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಮೊದಲು ಕೇಳಿದ್ದು, "ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯೇನೇ?"

ಆಮೇಲೆ ಪೂರ್ತಿ ಇರುವುದನ್ನು ಓದಿದರು. ಮೂರನೆಯದರ ಮೇಲೆ ಬೆರಳಿಟ್ಟು, "ಇಲ್ಯಾಕೆ ಯಾರೂ ಮಾತಾಡ್ತಿಲ್ಲ?"

"ಯೋಚನೆ ಮಾಡ್ತಿದಾವೆ ಅಪ್ಪ."

"ಓ, ಹೋಲ್ಡಾನ್ ಅನ್ನು." ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಜನ ಹತ್ತಿ ಮುಗಿಯೋ ಮೊದಲೇ ರೈಟ್ ಅಂದ್ರೆ ಯಾರೋ ಬೀಳ್ತಾರೆ. ಹತ್ತಿದ ಮೇಲೂ ಅನ್ನದೆ ನಿಂತ್ರೆ ಡ್ರೈವರ್ ಬೈತಾನೆ. ಸ್ಟಾಪಿಗೊಂದೊಂದು ಲೆಕ್ಕ ಕಣೇ. ಬೇಲೂರು ಸಂತೆ ದಿನದ ಹೋಲ್ಡಾನೇ ಬೇರೆ."

ಇಷ್ಟು ವರ್ಷ ನಾನು ಪ್ರತಿ ಸ್ಟಾಪಿನಲ್ಲೂ ಒಂದೇ ಹೊತ್ತು ಬಸ್ಸು ನಿಲ್ಲಿಸಿದ್ದೆ. ಹತ್ತುವವರು ಇರಲಿ ಬಿಡಲಿ.

"ಹಾಗಾದ್ರೆ ಇದರಲ್ಲಿ ಹೋಲ್ಡಾನ್ ಬೇಕಾ ಬೇಡ್ವಾ?"

"ಕತ್ತರಿಸಿದ್ದೇ ಚೆನ್ನಾಗಿದೆ" ಅಂದರು. ಪೇಪರ್ ಎತ್ತಿಕೊಂಡರು. ನಾನು ಇವತ್ತಿಗೂ ಒಪ್ಪಿಲ್ಲ. ಅವರಿಗೆ ಕಾಫಿ ಕುಡಿಯುವ ಚಿತ್ರ ಇಷ್ಟವಾಗಲಿಲ್ಲ ಅಂತ ನನ್ನ ಗುಮಾನಿ, ಹೊಟ್ಟೆ ಅಲ್ಲೇ ಜಾಸ್ತಿ ಕಾಣುವುದು.

ಸಹಿಯ ಜಾಗ ಬದಲಾಯಿಸಿದೆ. ಈಗ ಮೂಲೆಯಲ್ಲಿ ಹಾಕಲ್ಲ. ಕಂಪನಿಯ ಹೆಸರು ಇರುತ್ತಲ್ಲ ಟ್ಯೂಬಿನ ತುದಿಯಲ್ಲಿ ಸಣ್ಣಗೆ, ಅಲ್ಲಿ ಪ್ರತಿ ಚೌಕದಲ್ಲೂ ನನ್ನ ಪುಟದ ಹೆಸರು ಬರೆಯುತ್ತೇನೆ. ಕತ್ತರಿಸಬೇಕೆಂದರೆ ಲೈಟೇ ಕತ್ತರಿಸಬೇಕು. ಹಂಚಿಕೊಳ್ಳಬೇಡಿ ಅಂತ ಮಾತ್ರ ಎಲ್ಲೂ ಹಾಕಿಲ್ಲ. ಆ ಕಡ್ಡಿ ಮನುಷ್ಯರ ಮನ್ರೋ ಮೊದಲಿನಿಂದಲೂ ಹೆಸರು ಹೇಳಿ, ಮಾರದೆ, ಯಾರು ಬೇಕಾದರೂ ಹಂಚಿ ಅಂತ ಬಿಟ್ಟಿದ್ದಾರೆ. ನಾನೂ ಅದನ್ನೇ ಒಂದು ಸಾಲಿನಲ್ಲಿ ಬರೆದಿಟ್ಟೆ. ಓದಿದವರು ಯಾರೂ ಕಾಣೆ. ಒಮ್ಮೆ ಐವತ್ತು ಕಾಪಿ ಸಣ್ಣ ಪುಸ್ತಕ ಮಾಡಿಸಿದ್ದೆ, ಮೂವತ್ತು ಕೊಟ್ಟೆ, ಇಪ್ಪತ್ತು ಮಂಚದ ಕೆಳಗಿವೆ. ದುಡ್ಡಿನ ಕಥೆ ಇಷ್ಟೇ.

ಅಪ್ಪನಿಗೆ ಹೇಳಿದ್ದು ತಪ್ಪಾಯಿತು ಅಂತ ಆಮೇಲೆ ಗೊತ್ತಾಯಿತು. ಈಗ ಅವರು ನನ್ನನ್ನು ನೋಡಿದ ಕೂಡಲೇ ಫೋನ್ ತೆಗೆದು ಜೋರಾಗಿ ಸುಳ್ಳು ಹೇಳಲು ಶುರುಮಾಡುತ್ತಾರೆ. ಹೇಳಿ ನನ್ನ ಕಡೆ ನೋಡುತ್ತಾರೆ, ಬರೆದುಕೊಂಡಳಾ ಅಂತ. "ನಾನೀಗ ಡೆಲ್ಲಿ ಏರ್‌ಪೋರ್ಟಲ್ಲಿದೀನಿ" ಅಂದರು ಹೋದ ಸಲ. ಎದುರಿಗೆ ಫೋನಿನಲ್ಲಿ ಯಾರೂ ಇರಲಿಲ್ಲ ಅಂತ ಕಾಣುತ್ತೆ. ಹೀಗೆ ಬೇಕಂತಲೇ ಹೇಳಿದ ಸುಳ್ಳಿನಲ್ಲಿ ಏನೂ ಹುಟ್ಟಲ್ಲ. ಮರಿಹಲ್ಲಿ ಕೂಡ ತಿರುಗಿ ನೋಡಲ್ಲ.

ಸಾಲದ್ದಕ್ಕೆ ಯುಗಾದಿಗೆ ಅಮ್ಮ ಹಳೇ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ಹಾಕಿಸಿದರು. ಹೊಸದು ಗೋಡೆಗೆ ಅಂಟಿಕೊಂಡೇ ಕೂತಿದೆ, ಹಿಂದೆ ಜಾಗವೇ ಇಲ್ಲ. ಹುಳವೂ ಮೊದಲಿನಷ್ಟು ಬರುವಂತೆ ಕಾಣಲ್ಲ. ಹಲ್ಲಿ ಎರಡೂ ಹಜಾರ ಬಿಟ್ಟು ಹೋದವು. ನಾನು ಒಂದು ವಾರ ಹುಡುಕಿದೆ. ಅಡುಗೆಮನೆಯಲ್ಲಿ ಗ್ಯಾಸ್ ಸ್ಟೌವಿನ ಮೇಲಿನ ಕಪಾಟಿನ ಹಿಂದೆ ಸಿಕ್ಕವು. ಬಾಲ ಮೊಂಡಾದ ಒಂದು ಅಜ್ಜಿಯೇ, ಗುರುತು ಹಿಡಿದೆ.

ಅಡುಗೆಮನೆ ಅಂದರೆ ಅಮ್ಮನ ಜಾಗ. "ನನ್ನೇನಾದ್ರೂ ಬರೆದ್ಯೋ, ನೋಡು ಮತ್ತೆ" ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಅವರದ್ದು ಅಪ್ಪನ ಹಾಗಲ್ಲ. ಸುಳ್ಳು ಹೇಳುವವರೇ ಅಲ್ಲ, ಅಂತ ನಾನೂ ಇಷ್ಟು ದಿನ ನಂಬಿದ್ದೆ. ಹೋದ ತಿಂಗಳು ಪಕ್ಕದ ಮನೆಯವರು ಹುಳಿಪುಡಿ ಹೇಗೆ ಮಾಡುತ್ತೀರಿ ಅಂತ ಕೇಳಲು ಬಂದಿದ್ದರು. ಅಮ್ಮ ಬಾಣಲೆಯಲ್ಲಿ ಚಕ್ಕೆ, ಮರಾಟಿ ಮೊಗ್ಗು, ಒಂದು ಹಿಡಿ ಕೊಬ್ಬರಿ ಹುರಿಯುತ್ತಲೇ ತಿರುಗಿ ಹೇಳಿದರು: "ಅಯ್ಯೋ, ಏನೂ ಹಾಕಲ್ಲ ಕಣ್ರೀ. ಮೆಣಸಿನಕಾಯಿ, ಧನಿಯಾ, ಅಷ್ಟೇ."

ಅವತ್ತೇ ರಾತ್ರಿ ಮೂರು ಚೌಕ ಬರೆದೆ. ಮೊದಲನೆಯದರಲ್ಲಿ ಅಮ್ಮ, ಎರಡನೆಯದರಲ್ಲಿ ಪಕ್ಕದ ಮನೆಯವರು, ಮೂರನೆಯದರಲ್ಲಿ ಬಾಣಲೆ, ಹೊಗೆ, ಕಪಾಟಿನ ಹಿಂದಿನಿಂದ ಇಣುಕುವ ನಾಲ್ಕು ಕಣ್ಣು. ಮೂರು ಶುಕ್ರವಾರ ಆಯಿತು. ನಾಲ್ಕನೆಯದರಲ್ಲಿ ಅಜ್ಜಿಹಲ್ಲಿ ಏನು ಹೇಳುತ್ತೆ ಅಂತ ಇನ್ನೂ ಗೊತ್ತಾಗಿಲ್ಲ. ಹೋಲ್ಡಾನ್.